ಬೊಂಬೆನಾಡಿನ ಲೆಕ್ಕಪತ್ರ: ಸೃಜನಶೀಲ ಉದ್ದಿಮೆಗಳ ಭವಿಷ್ಯಕ್ಕೆ ಚನ್ನಪಟ್ಟಣದ ಪಾಠ

ಭೂಮಿ, ಶ್ರಮ, ಬಂಡವಾಳ ಮತ್ತು ಸಂಘಟನೆ ಎಂಬ ನಾಲ್ಕು ಉತ್ಪಾದನಾಂಗಗಳನ್ನು ವಾಣಿಜ್ಯಶಾಸ್ತ್ರದ ಪ್ರತಿಯೊಬ್ಬ ವಿದ್ಯಾರ್ಥಿಯೂ ಮೊದಲ ವರ್ಷದಲ್ಲಿಯೇ ಓದುತ್ತಾನೆ. ಈ ನಾಲ್ಕರಲ್ಲಿ ಯಾವುದಕ್ಕೂ ಪೂರ್ಣವಾಗಿ ಸೇರದ ಐದನೆಯ ಅಂಶವೊಂದು ಕಳೆದ ಎರಡೂವರೆ ದಶಕಗಳಲ್ಲಿ ಅರ್ಥಶಾಸ್ತ್ರಜ್ಞರ ಹಾಗೂ ಸರ್ಕಾರಗಳ ಗಮನವನ್ನು ಸೆಳೆದಿದೆ. ಅದೇ ಸೃಜನಶೀಲತೆ. 1998ರಲ್ಲಿ ಬ್ರಿಟನ್ ಸರ್ಕಾರದ ಸಂಸ್ಕೃತಿ ಇಲಾಖೆಯು ಜಾಹೀರಾತು, ವಾಸ್ತುಶಿಲ್ಪ, ಕರಕುಶಲ, ವಿನ್ಯಾಸ, ಚಲನಚಿತ್ರ, ಸಂಗೀತ, ಪ್ರಕಾಶನ, ತಂತ್ರಾಂಶ ಮೊದಲಾದ 13 ವಿಭಾಗಗಳನ್ನು ಒಂದೇ ಪಟ್ಟಿಗೆ ಸೇರಿಸಿ ಅವುಗಳನ್ನು 'ಸೃಜನಶೀಲ ಉದ್ದಿಮೆಗಳು' ಎಂದು ಗುರುತಿಸಿತು. ವ್ಯಕ್ತಿಯ ಪ್ರತಿಭೆ ಮತ್ತು ಕೌಶಲದಿಂದ ಹುಟ್ಟಿ, ಬೌದ್ಧಿಕ ಸ್ವತ್ತಿನ ಮೂಲಕ ಸಂಪತ್ತನ್ನೂ ಉದ್ಯೋಗವನ್ನೂ ನಿರ್ಮಿಸಬಲ್ಲ ಉದ್ದಿಮೆಗಳೆಂಬುದು ಆ ವ್ಯಾಖ್ಯೆಯ ಸಾರ. ವಿಶ್ವಸಂಸ್ಥೆಯು 2021ನೇ ವರ್ಷವನ್ನು ಸುಸ್ಥಿರ ಅಭಿವೃದ್ಧಿಗಾಗಿ ಸೃಜನಶೀಲ ಆರ್ಥಿಕತೆಯ ಅಂತರರಾಷ್ಟ್ರೀಯ ವರ್ಷವೆಂದು ಆಚರಿಸಿತು.

ಸೃಜನಶೀಲ ಉದ್ದಿಮೆ ಎಂದಾಕ್ಷಣ ಚಲನಚಿತ್ರ, ಆನಿಮೇಷನ್, ಗೇಮಿಂಗ್ ಇವುಗಳೇ ಕಣ್ಣ ಮುಂದೆ ಬರುವುದು ಸಹಜ. ಕರ್ನಾಟಕವು 2012ರಲ್ಲಿಯೇ ಆನಿಮೇಷನ್ ಮತ್ತು ಗೇಮಿಂಗ್ ಕ್ಷೇತ್ರಕ್ಕೆ ಪ್ರತ್ಯೇಕ ನೀತಿಯನ್ನು ರೂಪಿಸಿದ ರಾಜ್ಯ. ಆದರೆ ಇದೇ ವರ್ಗಕ್ಕೆ ಸೇರಿದ, ಇವೆಲ್ಲಕ್ಕಿಂತ ಹಳೆಯದಾದ ಉದ್ದಿಮೆಗಳು ನಮ್ಮ ಊರು ಕೇರಿಗಳಲ್ಲಿಯೇ ಇವೆ. ಇಳಕಲ್ಲಿನ ಮಗ್ಗ, ಬೀದರಿನ ಬಿದರಿ ಕೆಲಸ, ಮೈಸೂರಿನ ಬೀಟೆ ಮರದ ಕುಸುರಿ, ಚನ್ನಪಟ್ಟಣದ ಬೊಂಬೆ ಇವೆಲ್ಲವೂ ಸೃಜನಶೀಲ ಉದ್ದಿಮೆಗಳೇ. ಇವುಗಳ ಭವಿಷ್ಯವನ್ನು ಕುರಿತ ಚರ್ಚೆ ಸಾಮಾನ್ಯವಾಗಿ ಅಭಿಮಾನದ ಮಾತಿನಲ್ಲಿ ಆರಂಭವಾಗಿ ಅನುದಾನದ ಬೇಡಿಕೆಯಲ್ಲಿ ಮುಗಿಯುತ್ತದೆ. ವೆಚ್ಚ, ಬೆಲೆ, ಹಕ್ಕು, ತೆರಿಗೆ ಮತ್ತು ಸಾಲ ಎಂಬ ವ್ಯಾಪಾರದ ಐದು ಅಳತೆಗೋಲುಗಳಿಂದ ಅವುಗಳನ್ನು ಅಳೆದು ನೋಡುವ ಪ್ರಯತ್ನ ವಿರಳ. ಚನ್ನಪಟ್ಟಣದ ಬೊಂಬೆಯನ್ನು ನಿದರ್ಶನವಾಗಿಟ್ಟುಕೊಂಡು ಆ ಅಳತೆಯನ್ನು ಮಾಡುವುದು ಪ್ರಸ್ತುತ ಲೇಖನದ ಉದ್ದೇಶ.

1. ಉದ್ದಿಮೆಯ ಹಿನ್ನೆಲೆ

ಬೆಂಗಳೂರಿನಿಂದ ಸುಮಾರು 60 ಕಿ.ಮೀ. ದೂರದಲ್ಲಿ, ಮೈಸೂರಿಗೆ ಹೋಗುವ ಹಳೆಯ ಹೆದ್ದಾರಿಯಲ್ಲಿರುವ ಚನ್ನಪಟ್ಟಣವು 'ಬೊಂಬೆನಾಡು' ಎಂದೇ ಪ್ರಸಿದ್ಧ. ಇಲ್ಲಿನ ಕಸಬಿಗೆ ಟಿಪ್ಪು ಸುಲ್ತಾನನ ಕಾಲದ ನಂಟು ಇದೆಯೆಂಬುದು ಪ್ರತೀತಿ. ಬಿಳುಪಾದ, ಮೃದುವಾದ, ಬೇಗ ಸೀಳದ ಹಾಲೆ ಮರವನ್ನು ಒಣಗಿಸಿ, ತುಂಡು ಮಾಡಿ, ಲೇತ್ ಯಂತ್ರಕ್ಕೆ ಕೂರಿಸಿ, ಉಳಿಯಿಂದ ಕಡೆದು ಆಕಾರ ನೀಡಲಾಗುತ್ತದೆ. ತಿರುಗುತ್ತಿರುವ ಮರಕ್ಕೆ ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿದಾಗ ಉಜ್ಜುವಿಕೆಯ ಕಾವಿಗೆ ಅರಗು ಕರಗಿ ಮೈಗೆ ಹತ್ತಿಕೊಳ್ಳುತ್ತದೆ. ಅನಂತರ ತಾಳೆಗರಿಯಿಂದ ಉಜ್ಜಿ ಹೊಳಪು ಬರಿಸಲಾಗುತ್ತದೆ. ಕುಂಚದಿಂದ ಬಳಿದ ಬಣ್ಣಕ್ಕೂ ಈ ಬಣ್ಣಕ್ಕೂ ಇರುವ ವ್ಯತ್ಯಾಸವನ್ನು ಮುಟ್ಟಿದ ಬೆರಳೇ ಹೇಳುತ್ತದೆ. ಅರಿಶಿನ, ನೀಲಿ ಮುಂತಾದ ಸಸ್ಯಮೂಲದ ಬಣ್ಣಗಳನ್ನು ಬಳಸಿದಾಗ ಮಗುವು ಬಾಯಿಗಿಟ್ಟುಕೊಂಡರೂ ಭಯವಿಲ್ಲವೆಂಬುದು ಈ ಆಟಿಕೆಯ ದೊಡ್ಡ ವ್ಯಾಪಾರಗುಣ.

2001ರ ಏಪ್ರಿಲ್‌ನಲ್ಲಿ ಆಮದಿನ ಮೇಲಿನ ಪ್ರಮಾಣ ನಿರ್ಬಂಧಗಳು ತೆರವಾದ ಬಳಿಕ ಅಗ್ಗದ ಪ್ಲಾಸ್ಟಿಕ್ ಆಟಿಕೆಗಳು ದೇಶದ ಸಂತೆ ಸಂತೆಗೂ ಬಂದವು. ಮರದ ಆಟಿಕೆಯು ಬೆಲೆಯ ಪೈಪೋಟಿಯಲ್ಲಿ ಸೋತಿತು. 2005-06ರಲ್ಲಿ 'ಚನ್ನಪಟ್ಟಣ ಆಟಿಕೆ ಮತ್ತು ಬೊಂಬೆಗಳು' ಎಂಬ ಹೆಸರಿಗೆ ಭೌಗೋಳಿಕ ಸೂಚಕದ ನೋಂದಣಿ ದೊರೆಯಿತು. 2020ರ ಫೆಬ್ರವರಿಯಲ್ಲಿ ಆಟಿಕೆಗಳ ಆಮದು ಸುಂಕವನ್ನು ಶೇ. 20ರಿಂದ ಶೇ. 60ಕ್ಕೆ, 2023ರಲ್ಲಿ ಶೇ. 70ಕ್ಕೆ ಏರಿಸಲಾಯಿತು. 2021ರ ಜನವರಿ 1ರಿಂದ ಆಟಿಕೆಗಳಿಗೆ ಬಿಐಎಸ್ ಗುಣಮಟ್ಟದ ಗುರುತು ಕಡ್ಡಾಯವಾಯಿತು. ಇವುಗಳ ಫಲವಾಗಿ 2014-15ರಲ್ಲಿ ಸುಮಾರು 33 ಕೋಟಿ ಡಾಲರ್‌ಗಳಷ್ಟಿದ್ದ ದೇಶದ ಆಟಿಕೆ ಆಮದು 2022-23ರಲ್ಲಿ ಸುಮಾರು 16 ಕೋಟಿ ಡಾಲರ್‌ಗಳಿಗೆ ಇಳಿಯಿತು. ಅದೇ ಅವಧಿಯಲ್ಲಿ ರಫ್ತು ಸುಮಾರು 9.6 ಕೋಟಿ ಡಾಲರ್‌ಗಳಿಂದ ಸುಮಾರು 32.6 ಕೋಟಿ ಡಾಲರ್‌ಗಳಿಗೆ ಏರಿತು.

ಈ ಅಂಕಿಗಳು ದೇಶದ ಒಟ್ಟು ಆಟಿಕೆ ಉದ್ದಿಮೆಗೆ ಸಂಬಂಧಿಸಿದವು. ರಫ್ತು ಏರಿತೆಂದ ಮಾತ್ರಕ್ಕೆ ಲೇತ್ ಮುಂದೆ ಕುಳಿತ ಕುಶಲಕರ್ಮಿಯ ಕೈಗೆ ಬರುವ ಹಣವೂ ಏರಿತೆಂದು ತೀರ್ಮಾನಿಸಲಾಗದು. 2023ರ ಮಾರ್ಚ್ 12ರಂದು ಬೆಂಗಳೂರು-ಮೈಸೂರು ದಶಪಥ ಹೆದ್ದಾರಿಯು ಉದ್ಘಾಟನೆಗೊಂಡಿತು. ಅದು ಚನ್ನಪಟ್ಟಣ ಪಟ್ಟಣವನ್ನು ಬದಿಗಿಟ್ಟು ಸಾಗುವುದರಿಂದ ಹಳೆಯ ರಸ್ತೆಯ ಅಂಗಡಿಗಳ ಮುಂದೆ ನಿಲ್ಲುತ್ತಿದ್ದ ಪ್ರವಾಸಿಗಳು ಕಡಿಮೆಯಾದರು. ದಾರಿಯ ವ್ಯಾಪಾರವನ್ನೇ ನಂಬಿದ್ದ ಉದ್ದಿಮೆಗೆ ದಾರಿಯೇ ಬದಲಾದಾಗ ಉಳಿಯುವುದೇನು ಎಂಬ ಪ್ರಶ್ನೆ ಅಲ್ಲಿ ಎದುರಾಯಿತು. ಉಳಿಯುವುದು ಎರಡೇ: ಹೆಸರು ಮತ್ತು ವಿನ್ಯಾಸ. ಇವೆರಡೂ ಕಣ್ಣಿಗೆ ಕಾಣದ ಆಸ್ತಿಗಳು. ಇವುಗಳ ಲೆಕ್ಕವಿಡಲು ಬಾರದ ಉದ್ದಿಮೆಗೆ ಭವಿಷ್ಯವಿಲ್ಲ.

2. ವಿನ್ಯಾಸದ ವೆಚ್ಚ ಎಲ್ಲಿ ಅಡಗಿದೆ?

ಸಣ್ಣ ತಯಾರಕರು ಬೆಲೆ ನಿಗದಿ ಮಾಡುವ ಕ್ರಮವನ್ನು ಒಂದು ಉದಾಹರಣೆಯಿಂದ ಪರಿಶೀಲಿಸಬಹುದು. ಇಲ್ಲಿನ ಅಂಕಿಗಳು ಕೇವಲ ವಿವರಣೆಗಾಗಿ ಊಹಿಸಿಕೊಂಡವು. ತಯಾರಕನೊಬ್ಬ ಹೊಸ ಬಗೆಯ ಮರದ ಆಟಿಕೆಯನ್ನು ರೂಪಿಸುತ್ತಾನೆ. ಒಂದು ಆಟಿಕೆಗೆ ತಗಲುವ ನೇರ ವೆಚ್ಚ ಹೀಗಿದೆ:

ಮರ: ರೂ. 40
ಅರಗು ಮತ್ತು ಬಣ್ಣ: ರೂ. 20
ಕೂಲಿ: ರೂ. 60
ವಿದ್ಯುತ್, ಬಾಡಿಗೆ, ಯಂತ್ರದ ಸವಕಳಿ: ರೂ. 20
ಒಟ್ಟು: ರೂ. 140

ಇದರ ಮೇಲೆ ಶೇ. 10ರಷ್ಟು ಲಾಭ ಸೇರಿಸಿ ರೂ. 154ಕ್ಕೆ ಸಗಟು ವ್ಯಾಪಾರಿಗೆ ಕೊಟ್ಟರೆ ಆಟಿಕೆಯೊಂದಕ್ಕೆ ರೂ. 14 ಉಳಿಯಿತೆಂದು ಆತನ ನಂಬಿಕೆ. ಈ ಲೆಕ್ಕದಲ್ಲಿ ಮೂರು ಬಾಬುಗಳು ಬಿಟ್ಟುಹೋಗಿವೆ.

ಮೊದಲನೆಯದು ವಿನ್ಯಾಸ ವೆಚ್ಚ. ಹೊಸ ಮಾದರಿಯನ್ನು ಸಿದ್ಧಪಡಿಸಲು ಅನುಭವಿ ಕುಶಲಕರ್ಮಿಯ 12 ದಿನಗಳು, ದಿನಕ್ಕೆ ರೂ. 1,000ರಂತೆ ರೂ. 12,000. ಮಾದರಿಗಳಿಗೆ ಬಳಸಿದ ಸಾಮಗ್ರಿ ರೂ. 3,000. ಒಟ್ಟು ರೂ. 15,000. ಈ ಮಾದರಿಯ 500 ಆಟಿಕೆಗಳು ಮಾರಾಟವಾದರೆ ತಲಾ ರೂ. 30. ಎರಡನೆಯದು ತಿರಸ್ಕೃತ ಮಾಲು. ನೂರಕ್ಕೆ ಐದು ಆಟಿಕೆಗಳು ಸೀಳಿಯೋ ಬಣ್ಣ ಕೆಟ್ಟೋ ಹೋದರೆ ಉಳಿದ ತೊಂಬತ್ತೈದರ ಮೇಲೆ ತಲಾ ಸುಮಾರು ರೂ. 7 ಹೊರೆ ಬೀಳುತ್ತದೆ. ಮೂರನೆಯದು ಉದ್ರಿಯ ಬಡ್ಡಿ. ಹಣ ಬರಲು 90 ದಿನಗಳಾದರೆ, ವರ್ಷಕ್ಕೆ ಶೇ. 12ರ ಬಡ್ಡಿಯಂತೆ ರೂ. 177ರ ಮೇಲೆ ಸುಮಾರು ರೂ. 5. ಹೀಗೆ ನಿಜವಾದ ವೆಚ್ಚ 140, 30, 7 ಮತ್ತು 5 ಸೇರಿ ರೂ. 182. ರೂ. 154ಕ್ಕೆ ಮಾರಿದವನಿಗೆ ಆಟಿಕೆಯೊಂದಕ್ಕೆ ರೂ. 28 ನಷ್ಟ. ಆ ನಷ್ಟವು ಪುಸ್ತಕದಲ್ಲಿ ಕಾಣುವುದಿಲ್ಲ. ಆತನು ತನ್ನ ದುಡಿಮೆಗೆ ಸಂಬಳ ತೆಗೆದುಕೊಳ್ಳದೆ, ಮನೆಯ ಹಣವನ್ನು ಉದ್ದಿಮೆಗೆ ಸುರಿಯುತ್ತ ಅದನ್ನು ತುಂಬಿಕೊಳ್ಳುತ್ತಿರುತ್ತಾನೆ.

ಇದೇ ಮಾದರಿಯ 2,000 ಆಟಿಕೆಗಳು ಮಾರಾಟವಾದರೆ ವಿನ್ಯಾಸ ವೆಚ್ಚ ತಲಾ ರೂ. 7.50ಕ್ಕೆ ಇಳಿದು ಒಟ್ಟು ವೆಚ್ಚ ಸುಮಾರು ರೂ. 160 ಆಗುತ್ತದೆ. ಸೃಜನಶೀಲ ಉದ್ದಿಮೆಯ ಮೂಲಸೂತ್ರವೇ ಇದು. ಮೊದಲ ಪ್ರತಿಗೆ ತಗಲುವ ವೆಚ್ಚ ಹೆಚ್ಚು, ನಂತರದ ಪ್ರತಿಗಳಿಗೆ ಕಡಿಮೆ. ಚಲನಚಿತ್ರಕ್ಕೂ ತಂತ್ರಾಂಶಕ್ಕೂ ಬೊಂಬೆಗೂ ಈ ಸೂತ್ರ ಒಂದೇ.

ಇನ್ನು 500 ಆಟಿಕೆಗಳು ಮಾರಾಟವಾದೊಡನೆ ಪಕ್ಕದ ತಯಾರಕನೊಬ್ಬ ಅದೇ ಮಾದರಿಯನ್ನು ನಕಲು ಮಾಡಿದನೆಂದು ಭಾವಿಸೋಣ. ಆತನಿಗೆ ವಿನ್ಯಾಸ ವೆಚ್ಚವಿಲ್ಲ. ಆತನ ವೆಚ್ಚ 140, 7 ಮತ್ತು ಬಡ್ಡಿ 4 ಸೇರಿ ರೂ. 151. ಆತನು ರೂ. 154ಕ್ಕೆ ಮಾರಿ ರೂ. 3 ಲಾಭ ಪಡೆಯಬಲ್ಲ. ಮೂಲ ವಿನ್ಯಾಸಕಾರನಾದರೋ ಆ ಬೆಲೆಗೆ ಉಳಿಯಲಾರ. ಹೊಸದನ್ನು ಕಂಡುಹಿಡಿದವನು ಸೋತು ನಕಲು ಮಾಡಿದವನು ಗೆಲ್ಲುವ ಪೇಟೆಯಲ್ಲಿ ಮುಂದಿನ ವರ್ಷ ಹೊಸ ವಿನ್ಯಾಸಕ್ಕೆ ಹಣ ಹಾಕುವವರು ಯಾರು? ಅಂತಹ ಪೇಟೆಯಲ್ಲಿ ದಶಕಗಳ ಕಾಲ ಅದೇ ಕೀಲುಬೊಂಬೆ, ಅದೇ ಗಿಲಕಿ, ಅದೇ ಬುಗುರಿ ಉಳಿದುಬಿಡುತ್ತವೆ. ಇದಕ್ಕೆ ಕುಶಲಕರ್ಮಿಯ ಕಲ್ಪನಾಶಕ್ತಿಯ ಕೊರತೆ ಕಾರಣವಲ್ಲ, ಲೆಕ್ಕ ಹೊಂದದಿರುವುದೇ ಕಾರಣ.

3. ಹಕ್ಕುಗಳ ನಾಲ್ಕು ಬಗೆ

ನಕಲನ್ನು ತಡೆಯುವ ಸಾಧನಗಳು ಕಾನೂನಿನಲ್ಲಿವೆ. ಆದರೆ ಅವುಗಳಲ್ಲಿ ಯಾವುದು ಯಾವುದಕ್ಕೆ ಅನ್ವಯಿಸುತ್ತದೆ ಎಂಬ ಬಗ್ಗೆ ಸಣ್ಣ ಉದ್ದಿಮೆದಾರರಲ್ಲಿ ಗೊಂದಲವಿದೆ.

ಭೌಗೋಳಿಕ ಸೂಚಕ: 1999ರ ಕಾಯ್ದೆಯು 2003ರ ಸೆಪ್ಟೆಂಬರ್ 15ರಂದು ಜಾರಿಗೆ ಬಂದಿತು. ಇದು ಊರಿನ ಹೆಸರನ್ನು ರಕ್ಷಿಸುತ್ತದೆಯೇ ಹೊರತು ಒಬ್ಬ ತಯಾರಕನ ನಿರ್ದಿಷ್ಟ ವಿನ್ಯಾಸವನ್ನಲ್ಲ. ಚನ್ನಪಟ್ಟಣದ ಹೆಸರಿನ ನೋಂದಾಯಿತ ಸ್ವಾಮ್ಯದಾರ ಕರ್ನಾಟಕ ರಾಜ್ಯ ಕರಕುಶಲ ಅಭಿವೃದ್ಧಿ ನಿಗಮ. ತಯಾರಕರು ತಮ್ಮನ್ನು 'ಅಧಿಕೃತ ಬಳಕೆದಾರ'ರೆಂದು ಪ್ರತ್ಯೇಕವಾಗಿ ನೋಂದಾಯಿಸಿಕೊಳ್ಳಬೇಕು. ಊರಿಗೆ ಜಿಐ ಬಂದಿತು, ಇನ್ನು ತಮ್ಮದೇನೂ ಕೆಲಸವಿಲ್ಲ ಎಂದು ಭಾವಿಸುವುದು ಸರಿಯಲ್ಲ. ಹೆಸರಿನ ದುರುಪಯೋಗವಾದಾಗ ನ್ಯಾಯಾಲಯಕ್ಕೆ ಹೋಗುವ ಅಧಿಕಾರ ಸ್ವಾಮ್ಯದಾರನಿಗೂ ಅಧಿಕೃತ ಬಳಕೆದಾರನಿಗೂ ಇದೆ. ನೋಂದಣಿಯ ಅವಧಿ 10 ವರ್ಷ, ಅನಂತರ ನವೀಕರಿಸಬೇಕು.

ಅಧಿಕೃತ ಬಳಕೆದಾರರ ನೋಂದಣಿಗೆ ಇನ್ನೊಂದು ನೇರ ಪ್ರಯೋಜನವಿದೆ. ಆಟಿಕೆಗಳ ಗುಣಮಟ್ಟ ನಿಯಂತ್ರಣ ಆದೇಶಕ್ಕೆ 2020ರ ಡಿಸೆಂಬರ್‌ನಲ್ಲಿ ತಂದ ತಿದ್ದುಪಡಿಯು, ಕರಕುಶಲ ಅಭಿವೃದ್ಧಿ ಆಯುಕ್ತರಲ್ಲಿ ನೋಂದಾಯಿತರಾದ ಕುಶಲಕರ್ಮಿಗಳು ತಯಾರಿಸಿ ಮಾರುವ ಆಟಿಕೆಗಳಿಗೂ, ಭೌಗೋಳಿಕ ಸೂಚಕದ ಸ್ವಾಮ್ಯದಾರ ಮತ್ತು ಅಧಿಕೃತ ಬಳಕೆದಾರರು ತಯಾರಿಸಿ ಮಾರುವ ಆಟಿಕೆಗಳಿಗೂ ಬಿಐಎಸ್ ಗುರುತಿನಿಂದ ವಿನಾಯಿತಿ ನೀಡಿತು. ಯಾವ ನೋಂದಣಿಯೂ ಇಲ್ಲದವನಿಗೆ ಈ ವಿನಾಯಿತಿ ಇಲ್ಲ. ರಫ್ತುದಾರರು ಇನ್ನೊಂದನ್ನು ನೆನಪಿಡಬೇಕು. ಈ ವಿನಾಯಿತಿ ದೇಶದೊಳಗೆ ಮಾತ್ರ. ಅಮೆರಿಕದಲ್ಲಿ 2008ರ ಗ್ರಾಹಕ ಉತ್ಪನ್ನ ಸುರಕ್ಷತಾ ಕಾನೂನು ಮತ್ತು ಯುರೋಪಿನಲ್ಲಿ ಇಎನ್ 71 ಮಾನಕಗಳು ಬಣ್ಣದಲ್ಲಿನ ಸೀಸ, ಬಿಡಿಯಾಗಿ ಕಳಚುವ ಚಿಕ್ಕ ಭಾಗ ಮೊದಲಾದವನ್ನು ಪರೀಕ್ಷೆಗೆ ಒಳಪಡಿಸುತ್ತವೆ. ಅಗ್ಗದ ರಾಸಾಯನಿಕ ಬಣ್ಣ ಬಳಸಿದ ಒಬ್ಬನ ಮಾಲು ತಿರಸ್ಕೃತವಾದರೆ ಕೆಡುವುದು ಇಡೀ ಊರಿನ ಹೆಸರು.

ವಿನ್ಯಾಸ ನೋಂದಣಿ: 2000ದ ವಿನ್ಯಾಸ ಕಾಯ್ದೆಯಡಿ ವಸ್ತುವಿನ ಆಕಾರ, ಅಲಂಕಾರಗಳಿಗೆ 10 ವರ್ಷ, ವಿಸ್ತರಿಸಿದರೆ ಇನ್ನೂ 5 ವರ್ಷ ರಕ್ಷಣೆ ದೊರೆಯುತ್ತದೆ. ಇಲ್ಲಿನ ಮುಖ್ಯ ಷರತ್ತು ಹೊಸತನ. ಮೊದಲು ಮೇಳದಲ್ಲಿ ಪ್ರದರ್ಶಿಸಿ, ಗಿರಾಕಿ ಮೆಚ್ಚಿದ ಮೇಲೆ ಅರ್ಜಿ ಹಾಕೋಣ ಎಂದುಕೊಂಡವರಿಗೆ ನೋಂದಣಿ ದಕ್ಕದೆ ಹೋಗಬಹುದು. ಅರ್ಜಿ ಮೊದಲು, ಪ್ರದರ್ಶನ ಆಮೇಲೆ ಎಂಬುದು ರೂಢಿಯಾಗಬೇಕು.

ಕೃತಿಸ್ವಾಮ್ಯ: ಚಿತ್ರ, ಬರಹ, ಸಂಗೀತಗಳಿಗೆ ನೋಂದಣಿ ಇಲ್ಲದೆಯೂ ಕೃತಿಸ್ವಾಮ್ಯ ಹುಟ್ಟುತ್ತದೆ. ಕರ್ತೃವಿನ ಜೀವಿತಾವಧಿ ಮತ್ತು ಆನಂತರದ 60 ವರ್ಷ ಅದು ಉಳಿಯುತ್ತದೆ. ಆದರೆ 1957ರ ಕೃತಿಸ್ವಾಮ್ಯ ಕಾಯ್ದೆಯ 15(2)ನೇ ಕಲಮನ್ನು ಪ್ರತಿಯೊಬ್ಬ ತಯಾರಕನೂ ಅರಿತಿರಬೇಕು. ವಿನ್ಯಾಸ ಕಾಯ್ದೆಯಡಿ ನೋಂದಾಯಿಸಬಹುದಾಗಿದ್ದೂ ನೋಂದಾಯಿಸದ ವಿನ್ಯಾಸವನ್ನು ಕೈಗಾರಿಕಾ ಪ್ರಕ್ರಿಯೆಯಿಂದ 50ಕ್ಕಿಂತ ಹೆಚ್ಚು ಬಾರಿ ವಸ್ತುಗಳಿಗೆ ಬಳಸಿದೊಡನೆ ಅದರ ಕೃತಿಸ್ವಾಮ್ಯ ಕೊನೆಗೊಳ್ಳುತ್ತದೆ. 'ಚಿತ್ರ ಬರೆದವನು ನಾನೇ, ಹಕ್ಕೂ ನನ್ನದೇ' ಎಂಬ ನಂಬಿಕೆಯು ಐವತ್ತೊಂದನೆಯ ಆಟಿಕೆಯೊಂದಿಗೆ ಮುರಿದುಬೀಳಬಹುದು.

ವ್ಯಾಪಾರ ಚಿಹ್ನೆ: ಊರಿನ ಹೆಸರಿನ ಜೊತೆಗೆ ತಯಾರಕನ ಸ್ವಂತ ಗುರುತೂ ಬೇಕು. ಟ್ರೇಡ್‌ಮಾರ್ಕ್ ನೋಂದಣಿ 10 ವರ್ಷಗಳಿಗೊಮ್ಮೆ ನವೀಕರಿಸುತ್ತ ಎಷ್ಟು ಕಾಲ ಬೇಕಾದರೂ ಉಳಿಸಿಕೊಳ್ಳಬಹುದಾದ ಹಕ್ಕು. ಮೈಸೂರು ರೇಷ್ಮೆಯ ನಿದರ್ಶನವನ್ನು ಗಮನಿಸಬಹುದು. 1912ರಲ್ಲಿ ಆರಂಭವಾದ ಮೈಸೂರಿನ ರೇಷ್ಮೆ ಕಾರ್ಖಾನೆಯನ್ನು ನಡೆಸುತ್ತಿರುವ ಕರ್ನಾಟಕ ರೇಷ್ಮೆ ಉದ್ದಿಮೆಗಳ ನಿಗಮವೇ ಆ ಭೌಗೋಳಿಕ ಸೂಚಕದ ಸ್ವಾಮ್ಯದಾರ. ಅಲ್ಲಿನ ಪ್ರತಿ ಸೀರೆಗೂ ಪ್ರತ್ಯೇಕ ಸಂಕೇತ ಸಂಖ್ಯೆ ಇರುವುದರಿಂದ ಗಿರಾಕಿಗೆ ಅನುಮಾನಕ್ಕೆ ಎಡೆಯಿಲ್ಲ. ಚನ್ನಪಟ್ಟಣದಲ್ಲಿ ತಯಾರಕರು ಅನೇಕರು, ಮಾರುವವರು ಇನ್ನೂ ಅನೇಕರು. ಹಾಗಾಗಿ ಮಾಲಿನ ಮೂಲವನ್ನು ತೋರಿಸುವ ಹೊಣೆ ಪ್ರತಿ ತಯಾರಕನ ಹಾಗೂ ವ್ಯಾಪಾರಿಯ ಮೇಲೆಯೇ ಬೀಳುತ್ತದೆ.

4. ಕರಾರು ಪತ್ರದ ಮಹತ್ವ

ಸೃಜನಶೀಲ ಉದ್ದಿಮೆಯ ಹೆಚ್ಚಿನ ವ್ಯಾಜ್ಯಗಳಿಗೆ ಬಾಯಿಮಾತಿನ ವ್ಯವಹಾರವೇ ಮೂಲ. ವಿನ್ಯಾಸ ಕಾಯ್ದೆಯ ಪ್ರಕಾರ, ಪ್ರತಿಫಲ ಪಡೆದು ಬೇರೊಬ್ಬರಿಗಾಗಿ ವಿನ್ಯಾಸ ಮಾಡಿಕೊಟ್ಟಲ್ಲಿ ಆ ವಿನ್ಯಾಸದ ಒಡೆತನ ಮಾಡಿಸಿದವನದು. ಕೃತಿಸ್ವಾಮ್ಯದ ಕಾಯ್ದೆಯಡಿಯಲ್ಲಾದರೆ, ನೌಕರಿಯ ಭಾಗವಾಗಿ ರಚಿಸಿದ ಕೃತಿಯ ಮೊದಲ ಒಡೆಯ ಸಾಮಾನ್ಯವಾಗಿ ಮಾಲೀಕ. ಸ್ವತಂತ್ರವಾಗಿ ಕೆಲಸ ಮಾಡುವ ಕಲಾವಿದನ ವಿಷಯದಲ್ಲಿ ಬಹುಪಾಲು ಸಂದರ್ಭಗಳಲ್ಲಿ ಕಲಾವಿದನೇ ಒಡೆಯ. ಕೃತಿಸ್ವಾಮ್ಯದ ವರ್ಗಾವಣೆ ಲಿಖಿತವಾಗಿರಬೇಕು. ಅವಧಿಯನ್ನು ನಮೂದಿಸದಿದ್ದರೆ ಐದು ವರ್ಷವೆಂದೂ, ಪ್ರದೇಶವನ್ನು ನಮೂದಿಸದಿದ್ದರೆ ಭಾರತಕ್ಕೆ ಮಾತ್ರವೆಂದೂ ಕಾಯ್ದೆ ಭಾವಿಸುತ್ತದೆ.

ಆದ್ದರಿಂದ ಹೊಸ ಮಾದರಿಯನ್ನು ಮಾಡಿಸುವ ವ್ಯಾಪಾರಿಯೂ ಮಾಡಿಕೊಡುವ ಕುಶಲಕರ್ಮಿಯೂ ಒಂದು ಪುಟದ ಕರಾರನ್ನಾದರೂ ಬರೆದುಕೊಳ್ಳುವುದು ಇಬ್ಬರಿಗೂ ಕ್ಷೇಮ. ವಿನ್ಯಾಸದ ಒಡೆತನ ಯಾರದು, ಒಂದೇ ಬಾರಿ ಶುಲ್ಕವೋ ಅಥವಾ ಮಾರಾಟವಾದ ಪ್ರತಿ ಆಟಿಕೆಗೆ ಗೌರವಧನವೋ, ಎಷ್ಟು ವರ್ಷ, ಯಾವ ಪ್ರದೇಶ, ಹಣ ಸಂದಾಯದ ಗಡುವು ಎಂದು ಎಂಬ ಐದು ಅಂಶಗಳು ಅದರಲ್ಲಿದ್ದರೆ ಸಾಕು. ಮೇಲಿನ ಉದಾಹರಣೆಯನ್ನೇ ಮುಂದುವರಿಸುವುದಾದರೆ, ತಲಾ ರೂ. 8ರ ಗೌರವಧನವು 2,000 ಆಟಿಕೆಗಳ ಮೇಲೆ ರೂ. 16,000 ಆಗಿ ಪೂರ್ಣ ವಿನ್ಯಾಸ ವೆಚ್ಚವನ್ನು ತುಂಬಿಕೊಡುತ್ತದೆ. ವ್ಯಾಪಾರಿಗೂ ಆರಂಭದಲ್ಲಿಯೇ ದೊಡ್ಡ ಮೊತ್ತ ಕೊಡುವ ಭಾರ ತಪ್ಪುತ್ತದೆ.

5. ತೆರಿಗೆಯ ಲೆಕ್ಕ

2025ರ ಸೆಪ್ಟೆಂಬರ್ 22ರಿಂದ ಚನ್ನಪಟ್ಟಣದ ಆಟಿಕೆಗಳ ಜಿಎಸ್‌ಟಿ ದರವು ಶೇ. 12ರಿಂದ ಶೇ. 5ಕ್ಕೆ ಇಳಿದಿದೆ. ಗಿರಾಕಿಗೆ ಇದು ನೆಮ್ಮದಿಯ ಸಂಗತಿ. ತಯಾರಕನು ಮಾತ್ರ ಇದರ ಇನ್ನೊಂದು ಮುಖವನ್ನೂ ನೋಡಬೇಕು. ವಿನ್ಯಾಸ ಸಲಹೆ, ಛಾಯಾಗ್ರಹಣ, ಜಾಹೀರಾತು, ಆನ್‌ಲೈನ್ ಮಾರುಕಟ್ಟೆಯ ಕಮಿಷನ್ ಮೊದಲಾದ ಸೇವೆಗಳ ಮೇಲೆ ಆತನು ತೆರುವ ತೆರಿಗೆ ಶೇ. 18. ಮಾರಾಟದ ತೆರಿಗೆ ಶೇ. 5 ಮಾತ್ರ ಇರುವುದರಿಂದ ಹೂಡುವಳಿ ತೆರಿಗೆಯ ಜಮೆಯು ಪೂರ್ಣವಾಗಿ ಬಳಕೆಯಾಗದೆ ಉಳಿಯಬಹುದು. ಹೀಗೆ ಉಳಿದ ಜಮೆಯಲ್ಲಿ ಸರಕುಗಳಿಗೆ ಸಂಬಂಧಿಸಿದ ಭಾಗಕ್ಕೆ ಮಾತ್ರ ಮರುಪಾವತಿ ಉಂಟು. ಸೇವೆಗಳಿಗೆ ಸಂಬಂಧಿಸಿದ್ದಕ್ಕೆ ಇಲ್ಲ. ಈ ನಿಯಮವನ್ನು ಸರ್ವೋಚ್ಚ ನ್ಯಾಯಾಲಯವು 2021ರ ಸೆಪ್ಟೆಂಬರ್‌ನಲ್ಲಿ ವಿಕೆಸಿ ಫುಟ್‌ಸ್ಟೆಪ್ಸ್ ಪ್ರಕರಣದಲ್ಲಿ ಎತ್ತಿಹಿಡಿಯಿತು. ಸೇವೆಗಳನ್ನೇ ಹೆಚ್ಚಾಗಿ ಬಳಸುವ ಸೃಜನಶೀಲ ಉದ್ದಿಮೆಗೆ ಇದು ಕಾಣದ ವೆಚ್ಚ. ಬೆಲೆ ನಿಗದಿಯ ಹಾಳೆಯಲ್ಲಿ ಇದಕ್ಕೂ ಒಂದು ಸಾಲು ಇರಬೇಕು.

ತೀರ ಸಣ್ಣ ತಯಾರಕರಿಗೆ ಕೆಲವು ಸವಲತ್ತುಗಳಿವೆ. ಕರ್ನಾಟಕದಲ್ಲಿ ಸರಕು ಮಾತ್ರ ಮಾರುವವರಿಗೆ ವಾರ್ಷಿಕ ರೂ. 40 ಲಕ್ಷದವರೆಗೆ ಜಿಎಸ್‌ಟಿ ನೋಂದಣಿ ಬೇಕಿಲ್ಲ. ಅಧಿಸೂಚಿತ ಕರಕುಶಲ ವಸ್ತುಗಳನ್ನು ಹೊರರಾಜ್ಯಕ್ಕೆ ಮಾರುವವರಿಗೂ ಒಟ್ಟು ವಹಿವಾಟು ರೂ. 20 ಲಕ್ಷ ಮೀರದಿದ್ದಲ್ಲಿ, ಪ್ಯಾನ್ ಮತ್ತು ಇ-ವೇ ಬಿಲ್ಲಿನ ಷರತ್ತಿಗೆ ಒಳಪಟ್ಟು, ನೋಂದಣಿಯಿಂದ ವಿನಾಯಿತಿ ಇದೆ. 2023ರ ಅಕ್ಟೋಬರ್ 1ರಿಂದ ನೋಂದಣಿ ಇಲ್ಲದವರೂ ರಾಜ್ಯದೊಳಗೆ ಆನ್‌ಲೈನ್ ಮಾರುಕಟ್ಟೆಯ ಮೂಲಕ ಸರಕು ಮಾರಬಹುದಾಗಿದೆ. ಹಳೆಯ ಹೆದ್ದಾರಿಯ ಗಿರಾಕಿಯನ್ನು ಕಳೆದುಕೊಂಡವರು ಈ ಬಾಗಿಲನ್ನು ಪರಿಶೀಲಿಸಬೇಕು.

6. ಬಾಕಿ ಹಣ ಮತ್ತು 45 ದಿನಗಳ ನಿಯಮ

ಸಣ್ಣ ತಯಾರಕನ ಉಸಿರು ನಿಲ್ಲುವುದು ನಷ್ಟದಿಂದಲ್ಲ, ಬಾರದ ಬಾಕಿಯಿಂದ. 2006ರ ಎಂಎಸ್‌ಎಂಇ ಕಾಯ್ದೆಯಂತೆ ಸೂಕ್ಷ್ಮ ಮತ್ತು ಸಣ್ಣ ಉದ್ದಿಮೆಗಳಿಗೆ ಕರಾರು ಇದ್ದರೆ ಹೆಚ್ಚೆಂದರೆ 45 ದಿನಗಳಲ್ಲಿ, ಇಲ್ಲದಿದ್ದರೆ 15 ದಿನಗಳಲ್ಲಿ ಹಣ ಸಲ್ಲಬೇಕು. ತಪ್ಪಿದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಬಹುಕಾಲ ಕಾಗದದ ಮೇಲೆಯೇ ಉಳಿದಿದ್ದ ಈ ನಿಯಮಕ್ಕೆ 2023ರ ಹಣಕಾಸು ಕಾಯ್ದೆಯು ಬಲ ನೀಡಿತು. 1961ರ ಆದಾಯ ತೆರಿಗೆ ಕಾಯ್ದೆಗೆ ಸೇರಿಸಿದ 43ಬಿ(ಎಚ್) ಕಲಮಿನಂತೆ, ಗಡುವು ಮೀರಿದ ಬಾಕಿಯನ್ನು ಕೊಳ್ಳುವವನು ನಿಜವಾಗಿ ಪಾವತಿಸಿದ ವರ್ಷದಲ್ಲಿ ಮಾತ್ರ ಖರ್ಚೆಂದು ತೋರಿಸಬಹುದು. 2025ರ ಹೊಸ ಆದಾಯ ತೆರಿಗೆ ಕಾಯ್ದೆಯಲ್ಲಿಯೂ ಈ ತತ್ವವನ್ನು ಉಳಿಸಿಕೊಳ್ಳಲಾಗಿದೆ.

ಉದಾಹರಣೆಗೆ, 45 ದಿನಗಳ ಕರಾರಿನಂತೆ ಜನವರಿ 10ರಂದು ರೂ. 5 ಲಕ್ಷದ ಆಟಿಕೆಗಳನ್ನು ಪಡೆದ ಕಂಪನಿಯು ಫೆಬ್ರವರಿ 24ರೊಳಗೆ ಹಣ ಕೊಡಬೇಕು. ಮಾರ್ಚ್ 31ರವರೆಗೂ ಕೊಡದಿದ್ದರೆ ಆ ವರ್ಷದ ಆದಾಯಕ್ಕೆ ರೂ. 5 ಲಕ್ಷ ಸೇರಿ, ಶೇ. 30ರ ದರದಲ್ಲಿ ಸೆಸ್ ಹೊರತಾಗಿ ರೂ. 1.50 ಲಕ್ಷ ತೆರಿಗೆ ಬೀಳುತ್ತದೆ. ಇದರ ಲಾಭ ಪಡೆಯಲು ತಯಾರಕನು ಉದ್ಯಮ್ ನೋಂದಣಿ ಮಾಡಿಸಿ ಅದರ ಸಂಖ್ಯೆಯನ್ನು ಪ್ರತಿ ಬಿಲ್ಲಿನಲ್ಲಿಯೂ ಮುದ್ರಿಸಬೇಕು. ಕೇವಲ ಕೊಂಡು ಮಾರುವ ವರ್ತಕರಿಗೆ ಈ ರಕ್ಷಣೆ ಇಲ್ಲವೆಂಬುದನ್ನೂ ಗಮನಿಸಬೇಕು. ಕುಶಲಕರ್ಮಿಗಳಿಂದ ಕೊಳ್ಳುವ ವರ್ತಕರು ಮಾತ್ರ ಈ ನಿಯಮದ ಹೊಣೆಯನ್ನು ಹೊತ್ತೇ ಇರುತ್ತಾರೆ. ಮಾರ್ಚ್ ತಿಂಗಳಲ್ಲಿ ಮಾಲು ಹಿಂದಿರುಗಿಸಿ ಏಪ್ರಿಲ್‌ನಲ್ಲಿ ಮತ್ತೆ ಪಡೆಯುವ ಉಪಾಯದಿಂದ ಒಂದು ವರ್ಷದ ತೆರಿಗೆ ಉಳಿಯಬಹುದು, ಆದರೆ ಒಳ್ಳೆಯ ಸರಬರಾಜುದಾರ ಉಳಿಯಲಾರ.

7. ಅಢಾವೆ ಪತ್ರಿಕೆಯಲ್ಲಿ ಕಾಣದ ಆಸ್ತಿ

ಬ್ಯಾಂಕಿನ ಅಧಿಕಾರಿ ನೋಡುವುದು ಅಢಾವೆ ಪತ್ರಿಕೆಯನ್ನು. ಅದರಲ್ಲಿ ಲೇತ್ ಯಂತ್ರ ಕಾಣುತ್ತದೆ, ಮರದ ದಾಸ್ತಾನು ಕಾಣುತ್ತದೆ. ಮೂರು ತಲೆಮಾರಿನ ಕೈಚಳಕವಾಗಲಿ ಊರಿನ ಹೆಸರಾಗಲಿ ಕಾಣುವುದಿಲ್ಲ. ಲೆಕ್ಕಪತ್ರ ಮಾನಕ 26ರ ಪ್ರಕಾರ ಸ್ವಂತವಾಗಿ ಬೆಳೆಸಿದ ಬ್ರ್ಯಾಂಡನ್ನು ಆಸ್ತಿಯೆಂದು ತೋರಿಸುವಂತಿಲ್ಲ. ಭೌಗೋಳಿಕ ಸೂಚಕವನ್ನು ಮಾರುವುದಕ್ಕೂ ಒತ್ತೆ ಇಡುವುದಕ್ಕೂ ಆ ಕಾಯ್ದೆಯ 24ನೇ ಕಲಮು ಅವಕಾಶ ನೀಡುವುದಿಲ್ಲ. ಸೃಜನಶೀಲ ಉದ್ದಿಮೆಗಳಿಗೆ ಸಾಲ ಸಿಗದಿರುವುದಕ್ಕೆ ಇದೇ ಪ್ರಮುಖ ಕಾರಣ.

ಇದಕ್ಕೆ ಪರ್ಯಾಯಗಳಿಲ್ಲದಿಲ್ಲ. ಸೂಕ್ಷ್ಮ ಮತ್ತು ಸಣ್ಣ ಉದ್ದಿಮೆಗಳ ಸಾಲ ಖಾತರಿ ನಿಧಿಯ ಮಿತಿಯನ್ನು 2025ರ ಏಪ್ರಿಲ್ 1ರಿಂದ ರೂ. 5 ಕೋಟಿಯಿಂದ ರೂ. 10 ಕೋಟಿಗೆ ಹೆಚ್ಚಿಸಲಾಗಿದೆ. 2023ರ ಸೆಪ್ಟೆಂಬರ್ 17ರಂದು ಆರಂಭವಾದ ಪಿ.ಎಂ. ವಿಶ್ವಕರ್ಮ ಯೋಜನೆಯ 18 ಕಸಬುಗಳಲ್ಲಿ ಬೊಂಬೆ ಮತ್ತು ಆಟಿಕೆ ತಯಾರಿಕೆಯೂ ಒಂದು. ಅದರಡಿ ಎರಡು ಕಂತುಗಳಲ್ಲಿ ಒಟ್ಟು ರೂ. 3 ಲಕ್ಷದವರೆಗೆ ಶೇ. 5ರ ಬಡ್ಡಿಯಲ್ಲಿ ಆಧಾರರಹಿತ ಸಾಲವೂ ಸಲಕರಣೆಗಳಿಗೆ ರೂ. 15,000ದ ನೆರವೂ ಇದೆ. ದೊಡ್ಡ ಕಂಪನಿಗಳಿಗೆ ಮಾಲು ಪೂರೈಸುವವರು ಟ್ರೆಡ್ಸ್ ವೇದಿಕೆಯಲ್ಲಿ ತಮ್ಮ ಬಿಲ್ಲುಗಳನ್ನು ಸೋಡಿ ಮಾಡಿಸಿ ಮೊದಲೇ ಹಣ ಪಡೆಯಬಹುದು. ಇವೆಲ್ಲಕ್ಕೂ ಬೇಕಾದ ಅರ್ಹತೆ ಒಂದೇ: ಕ್ರಮಬದ್ಧ ಲೆಕ್ಕ. ವಿನ್ಯಾಸಗಳ ವಹಿಯೊಂದನ್ನು ಇಟ್ಟು, ಪ್ರತಿ ಮಾದರಿಯ ಹುಟ್ಟಿದ ದಿನಾಂಕ, ವೆಚ್ಚ, ನೋಂದಣಿ ಸಂಖ್ಯೆ, ವರ್ಷವಾರು ಮಾರಾಟಗಳನ್ನು ಬರೆದಿಟ್ಟವನಿಗೆ ಅಢಾವೆ ಪತ್ರಿಕೆ ಹೇಳದ್ದನ್ನು ಬ್ಯಾಂಕಿಗೆ ತೋರಿಸುವ ದಾಖಲೆ ಸಿದ್ಧವಿರುತ್ತದೆ.

8. ಮುಂದಿನ ದಾರಿ

ಯಂತ್ರವು ಇಂದು ಕ್ಷಣಾರ್ಧದಲ್ಲಿ ನೂರು ಬೊಂಬೆಗಳ ಚಿತ್ರ ಬರೆಯಬಲ್ಲದು. 2022ರ ನವೆಂಬರ್‌ನಲ್ಲಿ ಚಾಟ್‌ಜಿಪಿಟಿ ಬಂದ ನಂತರ ಬರಹ ಮತ್ತು ಚಿತ್ರಗಳ ಪೇಟೆಯಲ್ಲಿ ಉಂಟಾದ ಕಳವಳ ಎಲ್ಲರಿಗೂ ತಿಳಿದದ್ದೇ. ವ್ಯಾಪಾರದ ದೃಷ್ಟಿಯಿಂದ ಇದರ ಅರ್ಥ ಸರಳ. ಯಾವುದು ಹೇರಳವಾಗುತ್ತದೆಯೋ ಅದರ ಬೆಲೆ ಇಳಿಯುತ್ತದೆ, ವಿರಳವಾದುದರ ಬೆಲೆ ಏರುತ್ತದೆ. ಚಿತ್ರಗಳು ಹೇರಳವಾಗುವ ಕಾಲದಲ್ಲಿ ವಿರಳವಾಗುವುದು ನಂಬಿಕೆ. ಈ ಆಟಿಕೆಯನ್ನು ಯಾರು ಮಾಡಿದರು, ಎಲ್ಲಿ ಮಾಡಿದರು, ಯಾವ ಬಣ್ಣ ಬಳಸಿದರು ಎಂಬುದಕ್ಕೆ ಪುರಾವೆ ನೀಡಬಲ್ಲವನಿಗೆ ಹೆಚ್ಚಿನ ಬೆಲೆ ದೊರೆಯುತ್ತದೆ.

ಹೊಸ ಗಿರಾಕಿಗಳೂ ಇದ್ದಾರೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಎಳೆಯ ಮಕ್ಕಳ ಕಲಿಕೆಯಲ್ಲಿ ಆಟಕ್ಕೆ ಮಹತ್ವ ನೀಡಿದೆ. 2023ರ ಫೆಬ್ರವರಿಯಲ್ಲಿ 3ರಿಂದ 8 ವರ್ಷದ ಮಕ್ಕಳಿಗಾಗಿ ಆಟಿಕೆ, ಒಗಟು, ಬೊಂಬೆಗಳನ್ನೊಳಗೊಂಡ 'ಜಾದೂಯಿ ಪಿಟಾರಾ' ಎಂಬ ಕಲಿಕಾ ಪೆಟ್ಟಿಗೆಯನ್ನು ಕೇಂದ್ರ ಶಿಕ್ಷಣ ಸಚಿವಾಲಯ ಹೊರತಂದಿತು. ಶಾಲೆಗಳು, ಗೃಹಾಲಂಕಾರದ ಮಳಿಗೆಗಳು, ಉಡುಗೊರೆ ಕೊಡುವ ಕಂಪನಿಗಳು, ಕಥೆಗೊಂದು ಬೊಂಬೆ ಬೇಕೆನ್ನುವ ಆನಿಮೇಷನ್ ಸಂಸ್ಥೆಗಳು ಇವೆಲ್ಲ ರಸ್ತೆಬದಿಯ ಗಿರಾಕಿಗಿಂತ ಭಿನ್ನ. ಇವರು ಗುಣಮಟ್ಟ, ಸಮಯಪಾಲನೆ ಮತ್ತು ದಾಖಲೆಗಳನ್ನು ಕೇಳುತ್ತಾರೆ, ಅದಕ್ಕೆ ತಕ್ಕ ಬೆಲೆಯನ್ನೂ ಕೊಡುತ್ತಾರೆ.

ಹಾಗಾಗಿ ಸದಸ್ಯರು ಮತ್ತು ಸಂಘಗಳು ಕೈಗೊಳ್ಳಬಹುದಾದ ಕ್ರಮಗಳನ್ನು ಹೀಗೆ ಸಂಗ್ರಹಿಸಬಹುದು:

ಅ) ಪ್ರತಿ ತಯಾರಕನೂ ಅಧಿಕೃತ ಬಳಕೆದಾರ ಮತ್ತು ಉದ್ಯಮ್ ನೋಂದಣಿಗಳನ್ನು ಪಡೆಯುವುದು.
ಆ) ಮೇಳಕ್ಕೆ ಒಯ್ಯುವ ಮೊದಲೇ ಹೊಸ ವಿನ್ಯಾಸಕ್ಕೆ ಅರ್ಜಿ ಸಲ್ಲಿಸುವುದು.
ಇ) ವೆಚ್ಚದ ಹಾಳೆಯಲ್ಲಿ ವಿನ್ಯಾಸ, ತಿರಸ್ಕೃತ ಮಾಲು, ಉದ್ರಿಯ ಬಡ್ಡಿ ಮತ್ತು ದಕ್ಕದ ತೆರಿಗೆ ಜಮೆ ಎಂಬ ನಾಲ್ಕು ಸಾಲುಗಳನ್ನು ಕಡ್ಡಾಯವಾಗಿ ಸೇರಿಸುವುದು.
ಈ) ವಿನ್ಯಾಸದ ವಹಿ ಮತ್ತು ಲಿಖಿತ ಕರಾರನ್ನು ರೂಢಿಗೆ ತರುವುದು.
ಉ) ಬಣ್ಣಗಳ ಸುರಕ್ಷತಾ ಪರೀಕ್ಷೆಯ ವೆಚ್ಚವನ್ನು ಹಲವು ತಯಾರಕರು ಹಂಚಿಕೊಳ್ಳುವುದು.
ಊ) ವಾಣಿಜ್ಯ ಸಂಘಗಳು ವರ್ಷಕ್ಕೊಮ್ಮೆಯಾದರೂ ಕುಶಲಕರ್ಮಿಗಳಿಗೆ ಕನ್ನಡದಲ್ಲಿಯೇ ಲೆಕ್ಕಪತ್ರ ಮತ್ತು ನೋಂದಣಿಯ ಶಿಬಿರ ನಡೆಸುವುದು.

ಇವೆಲ್ಲಕ್ಕಿಂತ ಮುಖ್ಯವಾದದ್ದು ಕೂಲಿಯ ಪ್ರಶ್ನೆ. ಬೆಂಗಳೂರಿಗೆ ಒಂದೂವರೆ ಗಂಟೆಯ ಪ್ರಯಾಣದ ದೂರದಲ್ಲಿರುವ ಪಟ್ಟಣದ ಯುವಕನಿಗೆ ಕಾರ್ಖಾನೆ, ಗೋದಾಮು, ಸರಕು ಸಾಗಣೆಯ ಕೆಲಸಗಳು ಸುಲಭವಾಗಿ ದೊರೆಯುತ್ತವೆ. ವರ್ಷಗಳ ಕಾಲ ಲೇತ್ ಮುಂದೆ ಕುಳಿತು ಕಲಿತ ಕಸಬು ಅದಕ್ಕಿಂತ ಕಡಿಮೆ ಆದಾಯ ತಂದರೆ ಆತನು ಅಲ್ಲಿ ಉಳಿಯಬೇಕೆಂದು ನಿರೀಕ್ಷಿಸುವುದು ನ್ಯಾಯವಲ್ಲ. ಸಗಟು ವ್ಯಾಪಾರಿಯು ಆಟಿಕೆಯೊಂದಕ್ಕೆ ಹತ್ತು ರೂಪಾಯಿ ಚೌಕಾಶಿ ಮಾಡಿ ಉಳಿಸಿದಾಗ ಆ ತಿಂಗಳ ಲಾಭ ಏರಬಹುದು. ಆದರೆ ಭೌಗೋಳಿಕ ಸೂಚಕವು ರಕ್ಷಿಸುವುದು ಹೆಸರನ್ನು ಮಾತ್ರ, ಆ ಹೆಸರಿಗೆ ಅರ್ಥ ಕೊಟ್ಟ ಕೈಗಳನ್ನಲ್ಲ. ಕಡೆಯುವವರೇ ಇಲ್ಲವಾದ ದಿನ ನೋಂದಣಿ ಪತ್ರವು ಗೋಡೆಯ ಮೇಲೆ ಉಳಿಯುತ್ತದೆ, ಮಾರಲು ಮಾಲು ಇರುವುದಿಲ್ಲ.

ಬಂಡವಾಳವನ್ನು ತಿಂದು ಲಾಭವೆಂದು ಬರೆಯಬಾರದೆಂಬುದು ಲೆಕ್ಕಶಾಸ್ತ್ರದ ಮೊದಲ ಪಾಠಗಳಲ್ಲೊಂದು. ಸೃಜನಶೀಲ ಉದ್ದಿಮೆಗಳಲ್ಲಿ ಕುಶಲಕರ್ಮಿಯ ಕೌಶಲವೇ ಬಂಡವಾಳ. ಅದಕ್ಕೆ ತಕ್ಕ ಪ್ರತಿಫಲವನ್ನು ವೆಚ್ಚದ ಬಾಬಿನಲ್ಲಿ ಮೊದಲು ಬರೆದು, ಅನಂತರ ಉಳಿದುದನ್ನು ಲಾಭವೆಂದು ಕರೆಯುವ ವರ್ತಕರು ಮತ್ತು ತಯಾರಕರು ಇರುವವರೆಗೆ ಈ ಉದ್ದಿಮೆಗಳಿಗೆ ಭವಿಷ್ಯವುಂಟು.